'ನಾರ್ಮಲ್' ಅಂತ ಬರೆದ ಕಾರ್ಡು, 138 ಸೆಂಟಿಮೀಟರಿನ ಹುಡುಗಿ



ಇದು ಉದ್ದದ ಪೋಸ್ಟ್. ಮಧ್ಯೆ ಮಧ್ಯೆ ಲೆಕ್ಕಾನೂ ಬರುತ್ತೆ. ಆದ್ರೂ ಹಾಸ್ಟೆಲ್, ಅಂಗನವಾಡಿ, ಬಿಸಿಯೂಟ ಅಂತ ಓಡಾಡೋ ಎಲ್ಲರೂ ದಯವಿಟ್ಟು ಕೊನೆವರೆಗೂ ಓದಿ. ಈ ಲೆಕ್ಕ ಗೊತ್ತಿಲ್ಲದ ಕಾರಣಕ್ಕೆ ನಾನು ಕಳೆದ ತಿಂಗಳು ಒಬ್ಬ ಅಧಿಕಾರಿಯ ಮುಂದೆ ಮಾತು ಬರದೆ ಎದ್ದು ಬಂದಿದ್ದೀನಿ. ನಿಮಗೆ ಹಾಗಾಗಬಾರದು.

ನಡೆದದ್ದು ಇಷ್ಟು. ನಮ್ಮ ಕಡೆಯ ಒಂದು ಹೆಣ್ಣುಮಕ್ಕಳ ಹಾಸ್ಟೆಲ್‌ನಿಂದ ಫೋನ್ ಬಂತು. "ಅಕ್ಕಾ, ಸಾರಲ್ಲಿ ಬೇಳೆ ಹುಡುಕಬೇಕು. ಮೆನು ಬೋರ್ಡಲ್ಲಿ ಇರೋ ಮೊಟ್ಟೆ ತಟ್ಟೆಗೆ ಬರ್ತಿಲ್ಲ" ಅಂದ್ರು. ನಾವು ಮೂವರು ಹೋದ್ವಿ. ಮಕ್ಕಳ ಜತೆ ಕೂತು ಊಟ ಮಾಡಿದ್ವಿ. ಮಕ್ಕಳು ಹೇಳಿದ್ದು ಸುಳ್ಳಲ್ಲ. ಮಾರನೇ ದಿನ ಮನವಿ ಬರ್ಕೊಂಡು ಕಚೇರಿಗೆ ಹೋದ್ವಿ.

ಅಧಿಕಾರಿ ಜಗಳ ಆಡಲಿಲ್ಲ. ಕೂರಿಸಿ ಟೀ ತರಿಸಿದ್ರು. ಆಮೇಲೆ ಒಂದು ರಿಜಿಸ್ಟರ್ ತೆಗೆದು ನಮ್ಮ ಮುಂದೆ ಇಟ್ರು. "ನೋಡಿ ಮೇಡಂ, ಎಲ್ಲಾ ಮಕ್ಕಳ ಹೆಲ್ತ್ ಚೆಕಪ್ ಆಗಿದೆ. ಬಿಎಂಐ ಕಾಲಂ ನೋಡಿ. ಮೂರ್ನಾಲ್ಕು ಜನ ಬಿಟ್ರೆ ಎಲ್ಲಾ ನಾರ್ಮಲ್. ಊಟ ಸರಿ ಇಲ್ಲ ಅಂದ್ರೆ ನಾರ್ಮಲ್ ಹೇಗೆ ಬರುತ್ತೆ ನೀವೇ ಹೇಳಿ" ಅಂದ್ರು.

ನನ್ನ ಹತ್ರ ಉತ್ತರ ಇರಲಿಲ್ಲ. ಘೋಷಣೆ ಕೂಗೋಕೆ ಬರುತ್ತೆ, ಸರ್ಕಾರಿ ಆದೇಶ ಓದೋಕೆ ಬರುತ್ತೆ, ಆರ್‌ಟಿಐ ಹಾಕೋಕೆ ಬರುತ್ತೆ. ಆದ್ರೆ ಆ ಕಾಲಂ ಓದೋಕೆ ಬರಲಿಲ್ಲ. ಅನುಮತಿ ಕೇಳಿ, ಹೆಸರು ಬಿಟ್ಟು ವಯಸ್ಸು, ಎತ್ತರ, ತೂಕ ಮಾತ್ರ ಒಂದು ಹಾಳೆಯಲ್ಲಿ ಬರ್ಕೊಂಡು ಬಂದೆ. ಸಂಜೆ ಅದನ್ನ ನಮ್ಮ ಸಂಘಟನೆ ಜತೆ ಮೊದಲಿಂದಲೂ ಇರೋ ಒಬ್ಬ ಮಕ್ಕಳ ಡಾಕ್ಟರಿಗೆ ತೋರಿಸಿದೆ. ಅವರೂ ಇಂಥದ್ದೇ ಹಾಸ್ಟೆಲ್‌ನಲ್ಲಿ ಓದಿದವರು. ಹಾಳೆ ಮೇಲೆ ಬೆರಳು ಓಡಿಸ್ತಾ ಒಂದು ಸಾಲಲ್ಲಿ ನಿಂತ್ರು. 13 ವರ್ಷ, 138 ಸೆಂಟಿಮೀಟರ್, 35 ಕೆಜಿ. ಪಕ್ಕದಲ್ಲಿ ಬಿಎಂಐ 18.4, ನಾರ್ಮಲ್.

"ಈ ನಾರ್ಮಲ್ ಸರಿನೇ. ಆದ್ರೆ ಈ ಮಗು ಚೆನ್ನಾಗಿಲ್ಲ" ಅಂದ್ರು.

ಈ ಎರಡೂ ಮಾತು ಒಟ್ಟಿಗೆ ಹೇಗೆ ನಿಜ ಆಗುತ್ತೆ ಅನ್ನೋದೇ ಈ ಪೋಸ್ಟು.

ಬಿಎಂಐ ಅಂದ್ರೆ ಏನು

ತೂಕವನ್ನ ಕೆಜಿಯಲ್ಲಿ ತಗೊಳ್ಳಿ. ಎತ್ತರವನ್ನ ಮೀಟರಿನಲ್ಲಿ ತಗೊಂಡು ಅದನ್ನ ಅದರಿಂದಲೇ ಗುಣಿಸಿ. ತೂಕವನ್ನ ಆ ಸಂಖ್ಯೆಯಿಂದ ಭಾಗಿಸಿ. ಆ ಹುಡುಗಿದು 1.38 ಗುಣಿಸು 1.38, ಅಂದ್ರೆ 1.90. 35 ಭಾಗಿಸು 1.90, ಅಂದ್ರೆ 18.4. ಇಷ್ಟೇ.

ಈ ಸೂತ್ರ ಕಂಡುಹಿಡಿದವನು ಡಾಕ್ಟರ್ ಅಲ್ಲ. 1830ರ ದಶಕದಲ್ಲಿ ಬೆಲ್ಜಿಯಂನ ಅಡಾಲ್ಫ್ ಕ್ವೆಟ್ಲೆ ಅನ್ನೋ ಖಗೋಳಶಾಸ್ತ್ರಿ, ಸಂಖ್ಯಾಶಾಸ್ತ್ರಿ 'ಸರಾಸರಿ ಮನುಷ್ಯ'ನನ್ನ ಹುಡುಕ್ತಾ ಮಾಡಿದ ಲೆಕ್ಕ ಇದು. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಜತೆಗಾರರು ಇದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಅಂತ ಹೆಸರಿಟ್ರು. ದೊಡ್ಡ ಜನಸಮೂಹವನ್ನ ಅಳೆಯೋಕೆ ಹುಟ್ಟಿದ ಲೆಕ್ಕ ಇವತ್ತು ಒಂದೊಂದು ಮಗುವಿನ ಕಾರ್ಡಿಗೂ ಬಂದು ಕೂತಿದೆ.

ದೊಡ್ಡವರಿಗಾದ್ರೆ 18.5ಕ್ಕಿಂತ ಕಡಿಮೆ ಇದ್ರೆ ತೂಕ ಕಡಿಮೆ, 25 ದಾಟಿದ್ರೆ ಜಾಸ್ತಿ ಅಂತ ನೇರವಾಗಿ ಹೇಳ್ತಾರೆ. ಮೊಬೈಲ್ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಇರೋದು ಇದೇ. ಮಕ್ಕಳಿಗೆ ಇದನ್ನ ಹಾಕೋ ಹಾಗಿಲ್ಲ. ಮಕ್ಕಳು ಬೆಳೀತಾ ಇರ್ತಾರೆ. ಐದಾರು ವರ್ಷಕ್ಕೆ ತೆಳ್ಳಗಾಗಿ, ಆಮೇಲೆ ವರ್ಷ ವರ್ಷ ಮೈ ತುಂಬ್ತಾ ಹೋಗುತ್ತೆ. ಗಂಡು ಹೆಣ್ಣಿಗೆ ಆ ದಾರಿ ಬೇರೆ ಬೇರೆ.

ಉದಾಹರಣೆ ನೋಡಿ. 12 ವರ್ಷದ ಹುಡುಗನ ಬಿಎಂಐ 17. ಆ್ಯಪ್‌ಗೆ ಹಾಕಿದ್ರೆ "ತೂಕ ಕಡಿಮೆ" ಅನ್ನುತ್ತೆ. ಆದ್ರೆ ಆ ವಯಸ್ಸಿಗೆ 17 ನಡುವಿನ ಹತ್ತಿರದ್ದೇ, ಏನೂ ತೊಂದರೆ ಇಲ್ಲ. ಇನ್ನೊಂದು ಕಡೆ 10 ವರ್ಷದ ಹುಡುಗಿಯ ಬಿಎಂಐ 22. ಆ್ಯಪ್ "ನಾರ್ಮಲ್" ಅನ್ನುತ್ತೆ. ಆದ್ರೆ ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟ್‌ನಲ್ಲಿ 10 ವರ್ಷದ ಹುಡುಗಿಗೆ 19 ದಾಟಿದ್ರೇನೇ ತೂಕ ಜಾಸ್ತಿ. ಇವಳು ಬೊಜ್ಜಿನ ಗೆರೆಯ ಹತ್ರ ಬಂದಿದ್ದಾಳೆ. ಒಂದೇ ಸಂಖ್ಯೆ ವಯಸ್ಸಿನ ಪ್ರಕಾರ ಬೇರೆ ಬೇರೆ ಮಾತು ಹೇಳುತ್ತೆ. ಅದಕ್ಕೇ ಮಕ್ಕಳಿಗೆ ಪರ್ಸೆಂಟೈಲ್ ನೋಡೋದು.

ಪರ್ಸೆಂಟೈಲ್ ಮಾರ್ಕ್ಸ್ ಅಲ್ಲ

ಎಸ್‌ಎಸ್‌ಎಲ್‌ಸಿಯಲ್ಲಿ ಇಷ್ಟು ಬಂದ್ರೆ ಪಾಸ್, 80 ಬಂದ್ರೆ ಶಭಾಷ್ ಅಂತ ನಮ್ಮ ತಲೇಲಿ ಕೂತಿದೆ. ಪರ್ಸೆಂಟೈಲ್ ಹಾಗಲ್ಲ. ಒಂದೇ ವಯಸ್ಸಿನ ನೂರು ಹುಡುಗಿಯರನ್ನ ಬಿಎಂಐ ಪ್ರಕಾರ ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ನಿಲ್ಸಿದೀವಿ ಅಂದ್ಕೊಳ್ಳಿ. ನಿಮ್ಮ ಮಗಳು 20ನೇ ಪರ್ಸೆಂಟೈಲ್ ಅಂದ್ರೆ ಇಪ್ಪತ್ತು ಜನ ಅವಳಿಗಿಂತ ಕೆಳಗೆ, ಉಳಿದವರು ಮೇಲೆ. 20 ಬಂತು ಅಂತ ಅಳಬೇಕಾಗಿಲ್ಲ. 90 ಬಂತು ಅಂತ ಹಿಗ್ಗಬೇಕಾಗೂ ಇಲ್ಲ, 90 ಅಂದ್ರೆ ಸ್ವಲ್ಪ ಎಚ್ಚರ ಅಂತ ಅರ್ಥ. 50 ಅನ್ನೋದು ಮುಟ್ಟಲೇಬೇಕಾದ ಗುರೀನೂ ಅಲ್ಲ.

ಗೆರೆ ಎಲ್ಲಿ ಹಾಕ್ತಾರೆ ಅನ್ನೋದು ಚಾರ್ಟಿನ ಮೇಲೆ ಹೋಗುತ್ತೆ. ಅಮೆರಿಕದ ಸಿಡಿಸಿ ಚಾರ್ಟ್‌ನಲ್ಲಿ 5ಕ್ಕಿಂತ ಕೆಳಗೆ ತೂಕ ಕಡಿಮೆ, 85ರಿಂದ ಮೇಲೆ ಜಾಸ್ತಿ, 95ರಿಂದ ಮೇಲೆ ಬೊಜ್ಜು. ವಿಶ್ವ ಆರೋಗ್ಯ ಸಂಸ್ಥೆಯ 2007ರ ಚಾರ್ಟ್ 5ರಿಂದ 19 ವರ್ಷದವರಿಗೆ. ಅದರಲ್ಲಿ 'ಮೈನಸ್ ಎರಡು ಎಸ್‌ಡಿ' ಅಂತ ಒಂದು ಗೆರೆ ಇದೆ, ಅದರ ಕೆಳಗೆ ಬಂದ್ರೆ 'ತೆಳು' ಅಂತಾರೆ. ಪರ್ಸೆಂಟೈಲ್ ಭಾಷೆಯಲ್ಲಿ ಹೇಳಿದ್ರೆ ನೂರರಲ್ಲಿ ಕೊನೆಯ ಎರಡು ಮೂರು ಮಕ್ಕಳು. ಭಾರತೀಯ ಮಕ್ಕಳ ತಜ್ಞರ ಸಂಘ, ಅಂದ್ರೆ ಐಎಪಿ, 2015ರಲ್ಲಿ ತನ್ನದೇ ಚಾರ್ಟ್ ಮಾಡಿದೆ. ಅದರಲ್ಲಿ ಕೆಳಗಿನ ಗೆರೆ 3ನೇ ಪರ್ಸೆಂಟೈಲ್. ಮೇಲಿನ ಗೆರೆಗಳನ್ನ ದೊಡ್ಡವರ ಬಿಎಂಐ 23 ಮತ್ತು 27ಕ್ಕೆ ಸರಿಹೊಂದಿಸಿದ್ದಾರೆ, ಯಾಕಂದ್ರೆ ನಮ್ಮ ಜನರಿಗೆ ಸಕ್ಕರೆ ಕಾಯಿಲೆ, ಬಿಪಿ ಕಡಿಮೆ ಬಿಎಂಐಗೇ ಶುರುವಾಗುತ್ತೆ.

ಹಾಗಾಗಿ ಯಾರಾದ್ರೂ "ನಾರ್ಮಲ್" ಅಂದ್ರೆ ನಮ್ಮ ಮೊದಲ ಪ್ರಶ್ನೆ ಇದು: ಯಾವ ಚಾರ್ಟ್ ಪ್ರಕಾರ? ಆ ಅಧಿಕಾರಿಯನ್ನ ನಾನು ಇದನ್ನ ಕೇಳಬೇಕಿತ್ತು.

ಆ ಹುಡುಗಿಗೆ ಏನಾಗಿದೆ

13 ವರ್ಷದ ಹುಡುಗಿಯರ ಬಿಎಂಐ ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟ್‌ನಲ್ಲಿ ನಡುಮಧ್ಯ 18.7 ಇದೆ. ಇವಳದ್ದು 18.4. ನೂರು ಜನರ ಸಾಲಲ್ಲಿ ಹೆಚ್ಚೂ ಕಮ್ಮಿ ಮಧ್ಯದಲ್ಲಿ ನಿಂತಿದ್ದಾಳೆ. ರಿಜಿಸ್ಟರ್ ಬರೆದವರು ತಪ್ಪು ಬರೆದಿಲ್ಲ.

ಈಗ ಎತ್ತರದ ಚಾರ್ಟ್ ತೆಗೀರಿ. 13 ವರ್ಷದ ಹುಡುಗಿಯ ನಡುಮಧ್ಯದ ಎತ್ತರ ಸುಮಾರು 156 ಸೆಂಟಿಮೀಟರ್. 'ಕುಂಠಿತ ಬೆಳವಣಿಗೆ' ಅನ್ನೋ ಗೆರೆ ಸುಮಾರು 142ರಲ್ಲಿ. ಇವಳು 138. ಎತ್ತರದ ಸಾಲಲ್ಲಿ ಇವಳ ಹಿಂದೆ ನೂರಕ್ಕೆ ಒಂದು ಮಗೂನೂ ಇಲ್ಲ.

ಒಂದೇ ಮಗು. ಒಂದು ಚಾರ್ಟಲ್ಲಿ ಮಧ್ಯ, ಇನ್ನೊಂದು ಚಾರ್ಟಲ್ಲಿ ಕೊನೆ.

ಇದು ಹೇಗೆ ಅಂತ ಡಾಕ್ಟರು ಫೋನ್ ತೆಗೆದು ತೋರಿಸಿದ್ರು. ಒಂದು ಫೋಟೋವನ್ನ ಬೆರಳಲ್ಲಿ ಚಿಕ್ಕದು ಮಾಡಿದ್ರು. "ಉದ್ದಾನೂ ಕಮ್ಮಿ ಆಯ್ತು, ಅಗಲಾನೂ ಕಮ್ಮಿ ಆಯ್ತು. ಆಕಾರ ಬದಲಾಯ್ತಾ? ಇಲ್ಲ. ಬಿಎಂಐ ನೋಡೋದು ಆಕಾರ ಮಾತ್ರ. ಇಡೀ ಮಗುನೇ ಚಿಕ್ಕದಾಗಿದ್ರೆ ಅದಕ್ಕೆ ಗೊತ್ತಾಗಲ್ಲ" ಅಂದ್ರು.

ಹೊಟ್ಟೆಗಿಲ್ಲದ ಕೆಲವು ತಿಂಗಳಲ್ಲಿ ಮಗು ಸೊರಗುತ್ತೆ. ಅದನ್ನ ಬಿಎಂಐ ಹಿಡಿಯುತ್ತೆ. ಆದ್ರೆ ವರ್ಷಗಟ್ಟಲೆ, ತಾಯಿ ಹೊಟ್ಟೆಯಿಂದಲೇ, ಅರೆಹೊಟ್ಟೆ ಮತ್ತು ಕಾಯಿಲೆಯಲ್ಲಿ ಬೆಳೆದ ಮಗುವಿನ ದೇಹ ಒಂದು ರಾಜಿ ಮಾಡ್ಕೊಳ್ಳುತ್ತೆ. ಎತ್ತರ ಬಿಟ್ಟುಕೊಟ್ಟು ಜೀವ ಉಳಿಸ್ಕೊಳ್ಳುತ್ತೆ. ಆಗ ತೂಕವೂ ಕಮ್ಮಿ, ಎತ್ತರವೂ ಕಮ್ಮಿ, ಭಾಗಿಸಿದ್ರೆ "ನಾರ್ಮಲ್". ಹಳೆಯ ಹಸಿವು ಬಿಎಂಐ ಕಾಲಂನಲ್ಲಿ ಕಾಣೋದೇ ಇಲ್ಲ. ನಮ್ಮ ಕೇರಿಗಳ ಹಸಿವು ನಿನ್ನೆ ಮೊನ್ನೆಯದ್ದಾ? ಹೇಳಿ.

ಆ ಸಾಲಲ್ಲಿ ಯಾರ ಮಕ್ಕಳು ನಿಂತಿದ್ದಾರೆ

ಇಲ್ಲಿ ಕೆಲವು ಸಂಗಾತಿಗಳು ಕೇಳ್ತಾರೆ: "ಇದು ಯಾರದೋ ಅಳತೆಗೋಲು. ವಿದೇಶದವರ ಮಕ್ಕಳ ಜತೆ, ಮೇಲ್ಜಾತಿ ಶ್ರೀಮಂತರ ಮಕ್ಕಳ ಜತೆ ನಮ್ಮ ಮಕ್ಕಳನ್ನ ಯಾಕೆ ಹೋಲಿಸ್ಬೇಕು? ನಮ್ಮ ಮಕ್ಕಳಿಗೇ ಒಂದು ಚಾರ್ಟ್ ಮಾಡಲಿ." ಸಿಟ್ಟು ಅರ್ಥ ಆಗುತ್ತೆ. ನನಗೂ ಮೊದಲು ಹಾಗೇ ಅನ್ನಿಸ್ತು. ಆದ್ರೆ ಈ ಬೇಡಿಕೆ ನಮ್ಮ ಕಾಲಿಗೆ ನಾವೇ ಹಾಕ್ಕೊಳ್ಳೋ ಕೊಡಲಿ.

ಯೋಚನೆ ಮಾಡಿ. ನೂರು ಮಕ್ಕಳ ಸಾಲನ್ನ ಅರೆಹೊಟ್ಟೆ ಮಕ್ಕಳಿಂದಲೇ ತುಂಬಿಸಿದ್ರೆ ಅರೆಹೊಟ್ಟೆಯೇ ನಡುಮಧ್ಯ ಆಗುತ್ತೆ. 138 ಸೆಂಟಿಮೀಟರಿನ ಹುಡುಗಿ ಆ ಚಾರ್ಟಲ್ಲಿ "ನಾರ್ಮಲ್". ಆಗ ಸರ್ಕಾರಕ್ಕೆ ಖರ್ಚೇ ಇಲ್ಲ.

ಐದು ವರ್ಷದೊಳಗಿನ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟ ಚಾರ್ಟ್ ಹೇಗೆ ಆಯ್ತು ಗೊತ್ತಾ? ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ, ಈ ಆರು ದೇಶದ ಸುಮಾರು 8,500 ಮಕ್ಕಳನ್ನ ಅಳೆದ್ರು. ಭಾರತದಿಂದ ಆರಿಸಿದ್ದು ದಕ್ಷಿಣ ದೆಹಲಿಯ ಅನುಕೂಲಸ್ಥರ ಮಕ್ಕಳನ್ನ. ಎದೆಹಾಲು ಸಿಕ್ಕ, ಶುದ್ಧ ನೀರು ಸಿಕ್ಕ, ಡಾಕ್ಟರು ಸಿಕ್ಕ ಮಕ್ಕಳು. ಫಲಿತಾಂಶ ಏನು ಬಂತು? ಆರು ದೇಶದ ಮಕ್ಕಳೂ ಹೆಚ್ಚೂ ಕಮ್ಮಿ ಒಂದೇ ಥರ ಬೆಳೆದ್ರು. ದಕ್ಷಿಣ ದೆಹಲಿಯ ಮಗು ಘಾನಾದ ಮಗುವಿನ ಹಾಗೆ, ನಾರ್ವೆಯ ಮಗುವಿನ ಹಾಗೆ ಬೆಳೀತು. ಐಎಪಿ ಚಾರ್ಟ್ ಕೂಡ 14 ನಗರಗಳ ಮಧ್ಯಮ ಮತ್ತು ಮೇಲ್ವರ್ಗದ ಮಕ್ಕಳ ಅಳತೆಯಿಂದ ಆದದ್ದು. ಅದನ್ನ ಬೇಕಂತಲೇ ಮಾಡಿದ್ದು. ಹೊಟ್ಟೆ ತುಂಬಿದ ಮಗು ಎಷ್ಟು ಬೆಳೆಯಬಲ್ಲದು ಅನ್ನೋದನ್ನ ಅದು ತೋರಿಸುತ್ತೆ.

ಆ ಚಾರ್ಟನ್ನ ನಾವು ಹಕ್ಕುಪತ್ರದ ಹಾಗೆ ಓದಬೇಕು. ಅನುಕೂಲಸ್ಥರ ಮಗು ಇಷ್ಟು ಬೆಳೆಯುತ್ತೆ ಅಂದ್ರೆ ನಮ್ಮ ಮಗೂಗೂ ಅಷ್ಟು ಬೆಳೆಯೋ ಹಕ್ಕಿದೆ. ಮಧ್ಯದ ಅಂತರವೇ ನಮಗೆ ಬರಬೇಕಾದ ಬಾಕಿ.

"ಭಾರತೀಯರು ಹುಟ್ಟಾ ಕುಳ್ಳರು, ಇದು ವಂಶವಾಹಿ" ಅನ್ನೋ ವಾದ ದೊಡ್ಡ ದೊಡ್ಡವರಿಂದಲೇ ಬಂದಿದೆ. 2013ರಲ್ಲಿ ಅರ್ಥಶಾಸ್ತ್ರಜ್ಞ ಅರವಿಂದ ಪನಗರಿಯಾ ಇಂಥ ವಾದ ಇಟ್ಟಾಗ ದೊಡ್ಡ ಚರ್ಚೆಯೇ ಆಯ್ತು. ನಮ್ಮ ರಾಜ್ಯದಲ್ಲೂ ಆಗಿದೆ. 2022ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಗಾಗಿ ಕರ್ನಾಟಕದಿಂದ ಹೋದ ಒಂದು ಪೊಸಿಷನ್ ಪೇಪರ್‌ನಲ್ಲಿ, ಭಾರತೀಯರದ್ದು ಸಣ್ಣ ಮೈಕಟ್ಟು, ದಿನಾ ಮೊಟ್ಟೆ ಮಾಂಸ ತಿಂದ್ರೆ ಜೀವನಶೈಲಿ ಕಾಯಿಲೆ ಬರುತ್ತೆ ಅನ್ನೋ ಅರ್ಥದ ಮಾತಿತ್ತು. ನೆನಪಿದ್ಯಾ? ಮೊದಲು ಊಟ ಕಿತ್ಕೊಂಡು ಮೈಕಟ್ಟು ಸಣ್ಣದು ಮಾಡೋದು, ಆಮೇಲೆ ಮೈಕಟ್ಟು ಸಣ್ಣದು ಅಂತ ಊಟ ಬೇಡ ಅನ್ನೋದು.

ವಂಶವಾಹಿಯೇ ಕಾರಣ ಆಗಿದ್ರೆ ಜಾತಿ ಜಾತಿಗೆ ಯಾಕೆ ವ್ಯತ್ಯಾಸ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ಕುಂಠಿತ ಮಕ್ಕಳು ಪರಿಶಿಷ್ಟ ಪಂಗಡದಲ್ಲಿ ನೂರಕ್ಕೆ ಸುಮಾರು 41, ಪರಿಶಿಷ್ಟ ಜಾತಿಯಲ್ಲಿ ಸುಮಾರು 39, ಮೀಸಲಾತಿ ಪಟ್ಟಿಗಳ ಹೊರಗಿನವರಲ್ಲಿ ಸುಮಾರು 30. ಒಂದೇ ದೇಶ, ಒಂದೇ ಊರು, ಬೇರೆ ಬೇರೆ ಬೀದಿ. ಕರ್ನಾಟಕದಲ್ಲಿ ಎಲ್ಲಾ ಸೇರಿ ನೂರಕ್ಕೆ 35. ಐಟಿ ರಾಜಧಾನಿ ಇರೋ ರಾಜ್ಯದಲ್ಲಿ ಮೂರು ಮಕ್ಕಳಲ್ಲಿ ಒಬ್ಬರು ಬೆಳೆಯಬೇಕಾದಷ್ಟು ಬೆಳೆದಿಲ್ಲ.

ಜೂನ್ 1ರಂದು ಹುಟ್ಟಿದ ನಮ್ಮ ಮಕ್ಕಳು

ಪರ್ಸೆಂಟೈಲ್ ನಿಂತಿರೋದು ವಯಸ್ಸಿನ ಮೇಲೆ. ವಯಸ್ಸು ತಪ್ಪಾದ್ರೆ ಎಲ್ಲಾ ತಪ್ಪು. ನಮ್ಮಲ್ಲಿ ಎಷ್ಟು ಜನರ ಹುಟ್ಟಿದ ದಿನ ಜೂನ್ 1 ಅಂತ ಇದೆ? ನನ್ನದೂ ಅದೇ. ಶಾಲೆಗೆ ಸೇರಿಸೋಕೆ ಹೋದಾಗ ಹೆಡ್ ಮೇಷ್ಟ್ರು ಮುಖ ನೋಡಿ, ಕೈ ತಲೆ ಮೇಲಿಂದ ಕಿವಿ ಮುಟ್ಟಿಸಿ, ಅಂದಾಜಲ್ಲಿ ಬರೆದದ್ದು. ಈಗ ಜನನ ಪ್ರಮಾಣಪತ್ರ ಬಂದಿದೆ, ಪರಿಸ್ಥಿತಿ ಸುಧಾರಿಸಿದೆ. ಆದ್ರೂ ವಲಸೆ ಹೋಗಿ ಬಂದವರ, ಇಟ್ಟಿಗೆ ಗೂಡಲ್ಲಿ ಹುಟ್ಟಿದವರ, ಎರಡು ವರ್ಷ ಶಾಲೆ ಬಿಟ್ಟು ಸೇರಿದವರ ವಯಸ್ಸು ಇನ್ನೂ ಅಂದಾಜೇ.

ಇದರಿಂದ ಏನಾಗುತ್ತೆ ನೋಡಿ. ಹುಡುಗನ ನಿಜವಾದ ವಯಸ್ಸು 12, ಬಿಎಂಐ 14.2. ಈ ವಯಸ್ಸಿಗೆ ಗೆರೆ 14.5, ಅಂದ್ರೆ ಅವನು 'ತೆಳು', ಗಮನ ಕೊಡಬೇಕಾದ ಮಗು. ದಾಖಲೆಯಲ್ಲಿ 10 ಅಂತ ಇದ್ರೆ? ಆ ವಯಸ್ಸಿಗೆ ಗೆರೆ 13.7. ಅದೇ ಹುಡುಗ "ನಾರ್ಮಲ್". ಕುಳ್ಳಗಿದ್ದಾನೆ ಅಂತ ಮೇಷ್ಟ್ರು ವಯಸ್ಸು ಕಮ್ಮಿ ಬರೀತಾರೆ, ವಯಸ್ಸು ಕಮ್ಮಿ ಇದೆ ಅಂತ ಕುಳ್ಳಗಿರೋದು ಮುಚ್ಚಿಹೋಗುತ್ತೆ.

ಅಳತೆಯಲ್ಲೂ ಹಾಗೇ. ಚಪ್ಪಲಿ ಬಿಚ್ಚದೆ, ಜಡೆ ಮೇಲೆ ಸ್ಕೇಲ್ ಇಟ್ಟು 138ರ ಹುಡುಗಿಯನ್ನ 141 ಅಂತ ಬರೆದ್ರೆ ಬಿಎಂಐ 18.4ರಿಂದ 17.6ಕ್ಕೆ ಇಳಿಯುತ್ತೆ. ಎತ್ತರ ವರ್ಗ ಆಗೋದ್ರಿಂದ ಅಲ್ಲಿನ ಸಣ್ಣ ತಪ್ಪೂ ದೊಡ್ಡದಾಗುತ್ತೆ.

ಬಿಎಂಐ ನೋಡದ ಇನ್ನೂ ಕೆಲವು

ರಕ್ತಹೀನತೆ ಬಿಎಂಐಯಲ್ಲಿ ಕಾಣಲ್ಲ. 2016-18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ಹದಿಹರೆಯದ ಹುಡುಗಿಯರಲ್ಲಿ ನೂರಕ್ಕೆ 40 ಜನರಿಗೆ ರಕ್ತಹೀನತೆ ಇತ್ತು, ಹುಡುಗರಲ್ಲಿ 18. ಅದೇ ಸಮೀಕ್ಷೆಯಲ್ಲಿ ಹದಿಹರೆಯದವರಲ್ಲಿ ತೆಳು ಇದ್ದವರು ನೂರಕ್ಕೆ 24, ತೂಕ ಜಾಸ್ತಿ ಇದ್ದವರು 5. ದೇಶದ ಮಕ್ಕಳ ದೊಡ್ಡ ಸಮಸ್ಯೆ ಯಾವುದು ಅಂತ ಇದರಲ್ಲೇ ಗೊತ್ತಾಗುತ್ತೆ.

ಹಾಗಂತ ಇನ್ನೊಂದು ತುದಿ ನಮ್ಮದಲ್ಲ ಅಂದ್ಕೋಬೇಡಿ. ಬಿಎಂಐಗೆ ಕೊಬ್ಬು ಯಾವುದು, ಸ್ನಾಯು ಯಾವುದು ಗೊತ್ತಾಗಲ್ಲ. ನಮ್ಮ ದೇಶದ ಮಕ್ಕಳು ಹುಟ್ಟುವಾಗಲೇ ನೋಡೋಕೆ ಸಣ್ಣ, ಒಳಗೆ ಸ್ನಾಯು ಕಮ್ಮಿ, ಕೊಬ್ಬು ಜಾಸ್ತಿ ಅಂತ ಪುಣೆಯ ಡಾ. ಯಾಜ್ಞಿಕ್ ಅವರ ತಂಡ ತೋರಿಸಿದೆ. ನಮ್ಮ ಮೈಸೂರಿನದ್ದೇ ಪುರಾವೆ ಇದೆ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದವರ ಹೆರಿಗೆ ದಾಖಲೆ ಉಳಿದಿತ್ತು. ಅವರನ್ನ ಹುಡುಕಿ ಪರೀಕ್ಷೆ ಮಾಡಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ವಯಸ್ಸಾದ ಮೇಲೆ ಹೃದಯದ ಕಾಯಿಲೆ ಹೆಚ್ಚು ಕಂಡಿತು. 1996ರಲ್ಲಿ ಅದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು.

ಅರ್ಥ ಏನು? ಹೊಟ್ಟೆಯಲ್ಲಿದ್ದಾಗ ಹಸಿದ ಮಗು ಆಮೇಲೆ ಐದು ರೂಪಾಯಿ ಕುರುಕಲು ಪ್ಯಾಕೆಟ್, ಸಕ್ಕರೆ ನೀರಲ್ಲಿ ಬೆಳೆದ್ರೆ ಅದಕ್ಕೆ ಅಪಾಯ ಇನ್ನೂ ಹೆಚ್ಚು. ಕೇರಿ ಅಂಗಡೀಲಿ ನೇತಾಡೋ ಆ ಪ್ಯಾಕೆಟ್ ಮಾಲೆ ನೋಡಿ, ಮೊಟ್ಟೆಗಿಂತ ಅದು ಅಗ್ಗ. ಹಾಗಾಗಿ 85 ದಾಟಿದ ಮಗು ನಮ್ಮ ಹಾಸ್ಟೆಲ್‌ನಲ್ಲೂ ಇರುತ್ತೆ. ಅಂಥ ಮಗುವನ್ನ "ಡುಮ್ಮಿ" ಅಂತ ಕರೆಯೋ ಟೀಚರ್ ಇದ್ರೆ ಅವರನ್ನೂ ಕೇಳಬೇಕು. ಮಗುವಿನ ಊಟ ಕಡಿಮೆ ಮಾಡೋದು, ಉಪವಾಸ ಹಾಕೋದು ಪರಿಹಾರ ಅಲ್ಲ. ಒಳ್ಳೇ ಊಟ, ಆಟದ ಬಯಲು, ಅವಮಾನ ಇಲ್ಲದ ಮಾತು. ಪರ್ಸೆಂಟೈಲ್ ಅನ್ನೋದು ಬಾಗಿಲು ತಟ್ಟೋ ಶಬ್ದ ಅಷ್ಟೇ, ಒಳಗೆ ಏನಿದೆ ಅಂತ ಡಾಕ್ಟರೇ ನೋಡಬೇಕು.

ಮೊಟ್ಟೆಯ ವಿಷಯ, ಮತ್ತೆ ಒಂದು ಕಹಿ ಸತ್ಯ

2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಶಾಲೆಯಲ್ಲಿ ಮೊಟ್ಟೆ ಶುರುವಾದಾಗ ಕೆಲವು ಮಠಾಧೀಶರು ವಿರೋಧ ಮಾಡಿದ್ರು. ಮೊಟ್ಟೆ ಬೇಕು ಅಂತ ಮಕ್ಕಳೇ ಗಟ್ಟಿಯಾಗಿ ಹೇಳಿದ್ರು. ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನ ಸಿಗದ ಗದಗದ ಮಕ್ಕಳ ಜತೆ ಹೋಲಿಸಿ ನೋಡಿತು. ಮೊಟ್ಟೆ ತಿಂದವರ ತೂಕ ಹೆಚ್ಚು ಏರಿತ್ತು, ಅದರಲ್ಲೂ ಎಂಟನೇ ತರಗತಿ ಹುಡುಗಿಯರದ್ದು. ಆಮೇಲೆ ರಾಜ್ಯಕ್ಕೆಲ್ಲಾ ಬಂತು, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಅಂತ ಆಯ್ತು. ಯಾರೂ ದಾನವಾಗಿ ಕೊಟ್ಟದ್ದಲ್ಲ, ವರ್ಷಗಟ್ಟಲೆ ಕೇಳಿ ಕೇಳಿ ಪಡೆದದ್ದು.

ಆದ್ರೆ ನಮ್ಮವರಿಗೆ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಹಾಸ್ಟೆಲ್‌ನಲ್ಲಿ ಮೊಟ್ಟೆ ಕೊಟ್ಟ ಮಾತ್ರಕ್ಕೆ ಕಳೆದುಹೋದ ಎತ್ತರ ಪೂರ್ತಿ ವಾಪಸ್ ಬರಲ್ಲ. ಕುಂಠಿತ ಬೆಳವಣಿಗೆಯ ಬಹುಪಾಲು ಆಗಿಹೋಗೋದು ಬಸುರಿನಿಂದ ಮಗುವಿಗೆ ಎರಡು ವರ್ಷ ತುಂಬೋವರೆಗಿನ ಸಾವಿರ ದಿನದಲ್ಲಿ. ಆಗ ತಾಯಿ ಏನು ತಿಂದ್ಲು, ಎಷ್ಟು ತಿಂಗಳವರೆಗೆ ಕೂಲಿಗೆ ಹೋದ್ಲು, ಎಂಥ ನೀರು ಕುಡಿದ್ಲು ಅನ್ನೋದರಲ್ಲಿ ಮಗುವಿನ ಎತ್ತರ ಇದೆ. ತಾಯಿಯನ್ನ ಬೈಯೋಕೆ ಈ ಮಾತು ಬಳಸೋ ಹಾಗಿಲ್ಲ. ಕೇಳಬೇಕಾದ್ದು ಬೇರೆ. 2017ರಲ್ಲಿ ಶುರುವಾದ ಮಾತೃಪೂರ್ಣದ ಊಟ ತಿನ್ನೋಕೆ ಬಸುರಿ ಹೆಂಗಸು ಅಂಗನವಾಡಿವರೆಗೆ ನಡೆದು ಹೋಗೋ ಹಾಗಿದ್ಯಾ? ಆ ಅಂಗನವಾಡಿ ಯಾವ ಬೀದೀಲಿದೆ? ಅಲ್ಲಿ ಅವಳನ್ನ ಎಲ್ಲಿ ಕೂರಿಸ್ತಾರೆ?

ಹದಿಹರೆಯದಲ್ಲಿ ಎತ್ತರ ಮತ್ತೆ ಒಂದು ಸಲ ಓಡುತ್ತೆ, ಆಗ ಊಟ ಸಿಕ್ಕರೆ ಸ್ವಲ್ಪನಾದ್ರೂ ತುಂಬಿಕೊಳ್ಳಬಹುದು. ರಕ್ತ ತುಂಬುತ್ತೆ, ಶಕ್ತಿ ಬರುತ್ತೆ, ಪಾಠ ತಲೆಗೆ ಹೋಗುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ, ಇವತ್ತಿನ ಹುಡುಗಿ ಚೆನ್ನಾಗಿದ್ರೆ ಮುಂದೆ ಅವಳ ಮಗು ಒಳ್ಳೇ ತೂಕದಲ್ಲಿ ಹುಟ್ಟುತ್ತೆ. ಹಾಸ್ಟೆಲ್ ತಟ್ಟೆಯಲ್ಲಿರೋ ಮೊಟ್ಟೆ ಎರಡು ತಲೆಮಾರಿಗೆ ಹೋಗುತ್ತೆ. ಅದನ್ನ ಯಾರೂ "ನಾರ್ಮಲ್" ಅಂತ ಹೇಳಿ ಕಿತ್ಕೊಳ್ಳೋಕೆ ಬಿಡಬಾರದು.

ಮುಂದಿನ ಸಲ ಹೋದಾಗ ಏನು ಕೇಳಬೇಕು

1. ಬಿಎಂಐ ಒಂದೇ ಸಾಲದು, ವಯಸ್ಸಿಗೆ ತಕ್ಕ ಎತ್ತರದ ಕಾಲಂ ಎಲ್ಲಿದೆ? ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

2. ಯಾವ ಚಾರ್ಟ್ ಬಳಸಿದ್ದೀರಿ? ವಯಸ್ಸನ್ನ ವರ್ಷ ಮತ್ತೆ ತಿಂಗಳಲ್ಲಿ ಹಾಕಿದ್ದೀರಾ? ಗಂಡು ಹೆಣ್ಣಿಗೆ ಬೇರೆ ಬೇರೆ ನೋಡಿದ್ದೀರಾ?

3. ಹೋದ ವರ್ಷದ ಅಳತೆ ಎಲ್ಲಿ? ಒಂದು ಸಲದ ಪರ್ಸೆಂಟೈಲ್ ಒಂದು ಫೋಟೋ ಇದ್ದ ಹಾಗೆ. ಹೋದ ವರ್ಷ 60ರಲ್ಲಿದ್ದ ಮಗು ಈ ವರ್ಷ 20ಕ್ಕೆ ಬಂದಿದ್ರೆ, ಕಾರ್ಡಲ್ಲಿ ಇವತ್ತೂ "ನಾರ್ಮಲ್" ಅಂತಲೇ ಇರುತ್ತೆ. ಆದ್ರೆ ಆ ಮಗುವಿಗೆ ಏನೋ ಆಗಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಂಡ ವರ್ಷಕ್ಕೊಮ್ಮೆ ಶಾಲೆಗೆ, ಎರಡು ಸಲ ಅಂಗನವಾಡಿಗೆ ಬರಬೇಕು. ಆ ಕಾರ್ಡುಗಳನ್ನ ಜೋಪಾನ ಮಾಡಿಸಿ.

4. ಹಿಮೋಗ್ಲೋಬಿನ್ ನೋಡಿದ್ದೀರಾ?

5. ಒಂದು ಮಗುವನ್ನ ನೋಡಿ ತೀರ್ಪು ಕೊಡಬೇಡಿ, ಇಡೀ ಹಾಸ್ಟೆಲ್ ನೋಡಿ. ಅಪ್ಪ ಅಮ್ಮ ಇಬ್ಬರೂ ಗಿಡ್ಡ ಇದ್ದು ಆರೋಗ್ಯವಾಗೇ ಇರೋ ಮಗುವೂ ಇರುತ್ತೆ. ಆರೋಗ್ಯವಂತ ನೂರು ಮಕ್ಕಳಲ್ಲೂ ಎರಡು ಮೂರು ಆ ಗೆರೆಯ ಕೆಳಗೆ ಇರ್ತಾವೆ. ಆದ್ರೆ ಲೆಕ್ಕ ಅದಕ್ಕಿಂತ ಎಷ್ಟೋ ಪಟ್ಟು ದಾಟಿದ್ರೆ ಅದು ಪ್ರಕೃತಿ ಅಲ್ಲ.

6. ಮಕ್ಕಳ ಹೆಸರು, ಫೋಟೋ, ತೂಕ ಯಾವುದನ್ನೂ ವಾಟ್ಸಾಪಲ್ಲಿ, ಫೇಸ್‌ಬುಕ್ಕಲ್ಲಿ ಹಾಕಬೇಡಿ. ಹಸಿವನ್ನ ತೋರಿಸೋಕೆ ಮಗುವಿನ ಮಾನ ತೆಗೀಬಾರದು.

ನಾನು ಬರ್ಕೊಂಡು ಬಂದ ಹಾಳೆಯಲ್ಲಿ 48 ಹುಡುಗಿಯರ ಅಳತೆ ಇತ್ತು. ಡಾಕ್ಟರು ಮತ್ತೆ ನಾನು ರಾತ್ರಿ ಕೂತು ಒಬ್ಬೊಬ್ಬರ ಎತ್ತರ ಚಾರ್ಟಿಗೆ ಹಾಕಿದ್ವಿ. ಒಬ್ಬರೋ ಇಬ್ಬರೋ ಗೆರೆಯ ಕೆಳಗೆ ಇರಬೇಕಾದ ಕಡೆ 17 ಜನ ಇದ್ರು. ಆ 17ರಲ್ಲಿ 14 ಜನರ ಬಿಎಂಐ "ನಾರ್ಮಲ್". ಇದು ಸಮೀಕ್ಷೆ ಅಲ್ಲ, ಒಂದು ಹಾಸ್ಟೆಲ್‌ನ ಒಂದು ಹಾಳೆ ಅಷ್ಟೇ. ಆದ್ರೆ ಆ ಅಧಿಕಾರಿಯ ಪ್ರಶ್ನೆಗೆ ಉತ್ತರ ಅದರಲ್ಲಿತ್ತು.

ಮತ್ತೆ ಹೋದ್ವಿ. ಈ ಸಲ ಘೋಷಣೆ ಇಲ್ಲ, ಎರಡು ಚಾರ್ಟ್ ಮತ್ತೆ ಒಂದು ಹಾಳೆ. ಅವರು ತುಂಬಾ ಹೊತ್ತು ನೋಡಿದ್ರು. "ಎತ್ತರ ಅಂತ ಬರ್ಕೊಳ್ತೀವಿ ಮೇಡಂ, ಬಿಎಂಐಗೆ ಬೇಕಲ್ಲ ಅಂತ. ಅದನ್ನೇ ಬೇರೆಯಾಗಿ ನೋಡಬೇಕು ಅಂತ ನನಗೂ ಯಾರೂ ಹೇಳಿರಲಿಲ್ಲ" ಅಂದ್ರು. ಆ ಮಾತು ನಿಜ ಇರಬಹುದು. ಮನವಿಗೆ ಸ್ವೀಕೃತಿ ಹಾಕಿ ಕೊಟ್ರು. ಮೆನು ಬೋರ್ಡಲ್ಲಿರೋ ಮೊಟ್ಟೆ ಈಗ ತಟ್ಟೆಗೆ ಬರ್ತಿದೆ ಅಂತ ಮಕ್ಕಳು ಹೇಳಿದ್ದಾರೆ. ಸಾರು ಇನ್ನೂ ನೀರೇ. ಬಿಡಲ್ಲ, ಮತ್ತೆ ಹೋಗ್ತೀವಿ.

ಬಾಬಾಸಾಹೇಬರು ಅರ್ಥಶಾಸ್ತ್ರ ಓದಿದವರು. ಎದುರಿನವರು ಅಂಕಿ ಇಟ್ರೆ ಅದಕ್ಕಿಂತ ಗಟ್ಟಿಯಾದ ಅಂಕಿ ಇಟ್ಟು ಮಾತಾಡ್ತಿದ್ರು. ಶಿಕ್ಷಣ, ಸಂಘಟನೆ, ಹೋರಾಟ ಅಂತ ಗೋಡೆ ಮೇಲೆ ಬರೀತೀವಲ್ಲ, ಒಂದು ರಿಜಿಸ್ಟರಿನ ಕಾಲಂ ಓದೋದು ಕಲಿಯೋದೂ ಅದರೊಳಗೇ ಬರುತ್ತೆ.

ವಾಪಸ್ ಬರುವಾಗ ಹಾಸ್ಟೆಲ್‌ಗೆ ಹೋಗಿದ್ದೆ. ಎಲ್ಲಾ ಹುಡುಗಿಯರನ್ನ ಕೂರಿಸಿ ಇದೇ ಲೆಕ್ಕ ಹೇಳಿಕೊಟ್ಟೆ, ಯಾರ ಅಳತೆಯನ್ನೂ ಹೇಳಲಿಲ್ಲ. ಮುಗಿದ ಮೇಲೆ ಒಬ್ಬಳು ಗೇಟಿನವರೆಗೂ ಬಂದು ಮೆಲ್ಲಗೆ ಕೇಳಿದ್ಲು, "ಅಕ್ಕಾ, ನಾನಿನ್ನೂ ಉದ್ದ ಆಗ್ತೀನಾ?"

ಆಗ್ತೀಯ ಅಂತ ಸುಮ್ನೆ ಹೇಳಿಬಿಡಬಹುದಿತ್ತು. ದೊಡ್ಡವಳಾದ ಮೇಲೆ ಬೆಳೆಯೋದು ಕೆಲವೇ ಸೆಂಟಿಮೀಟರ್ ಅಂತ ಡಾಕ್ಟರು ಹೇಳಿದ್ದು ತಲೇಲಿತ್ತು. "ಸ್ವಲ್ಪ ಆಗ್ತೀಯ ಕಂದಾ. ಊಟ ಬಿಡಬೇಡ. ಮೊಟ್ಟೆ ಕೊಡದಿದ್ದ ದಿನ ನನಗೆ ಫೋನ್ ಮಾಡು" ಅಂದೆ.

ನಂಬರ್ ಕೈ ಮೇಲೆ ಬರ್ಕೊಂಡು ಒಳಗೆ ಓಡಿದ್ಲು.

ಶೇರ್ ಮಾಡಿ. ಅದಕ್ಕಿಂತ ಮೊದಲು ನಿಮ್ಮ ಊರಿನ ಹಾಸ್ಟೆಲ್‌ಗೆ ಹೋಗಿ, ಎತ್ತರದ ಕಾಲಂ ಕೇಳಿ. ಚಾರ್ಟ್ ಓದೋದು ಗೊತ್ತಾಗದಿದ್ರೆ ಕಾಮೆಂಟಲ್ಲಿ ಕೇಳಿ, ಗೊತ್ತಿರೋರನ್ನ ಕೇಳಿ ಹೇಳ್ತೀನಿ.

ಜೈಭೀಮ್.